ಬಿಸಿಲಿಗೆ ಜಾಮೀನು

ಬಿಸಿಲಿಗೆ ಜಾಮೀನು ಯಾರೆಂದು
ಫ್ರಾಂಕ್‌ಫರ್ಟಿನ ಬ್ಯಾಂಕು ಕೇಳಿದೆ.
ಸೂರ್ಯ ಇಪ್ಪತ್ತೈದು ವರ್ಷ ತಪ್ಪದೆ ಬಂದಾನೆ?
ಬಾರದ ದಿನದ ಕಂತು ಯಾರ ಲೆಕ್ಕಕ್ಕೆ?
ಎಂಬತ್ತು ಮೆಗಾವ್ಯಾಟು, ನಾನೂರು ಎಕರೆ,
ನೂರಕ್ಕೆ ಎಪ್ಪತ್ತು ಸಾಲ, ಮೂವತ್ತು ಸ್ವಂತ ಗಂಟು,
ಯೂನಿಟ್ಟಿಗೆ ಎರಡು ರೂಪಾಯಿ ಎಪ್ಪತ್ತೊಂದು ಪೈಸೆ;
ಯೂರೋ ಏರಿದರೆ ಆ ಒಂದು ಪೈಸೆಯೂ ಬೆವರುತ್ತದೆ.
ಇಷ್ಟನ್ನೂ ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು
ನಸುಕಿಗೆ ಕುಮಟೆಯಲ್ಲಿ ಇಳಿದೆ.
ಅಘನಾಶಿನಿಯೂ ಆಗಷ್ಟೇ ಇಳಿಯುತ್ತಿತ್ತು.

ಜಾಗ: ಹಳೆಯ ಉಪ್ಪಿನಾಗರ.
ಕಂಪನಿಯ ನಕ್ಷೆಯಲ್ಲಿ ಅದರ ಹೆಸರು
‘ಬಳಕೆಯಲ್ಲಿಲ್ಲದ ಭೂಮಿ, ಸಮತಟ್ಟು, ನೆರಳಿಲ್ಲ’.
ನೆರಳಿಲ್ಲ ಎಂಬುದು ನಿಜ.
ಬದುವಿನ ತುದಿಗೆ ಒಂದು ಕಂಬ,
ಕಂಬದ ತಲೆಗೆ ಅಂಗೈಯಷ್ಟು ಗಾಜಿನ ಗುಮ್ಮಟ.
ಬಿದ್ದ ಬಿಸಿಲನ್ನೆಲ್ಲ ನಿಮಿಷಕ್ಕೊಮ್ಮೆ
ಫ್ರಾಂಕ್‌ಫರ್ಟಿಗೆ ಚಾಡಿ ಹೇಳುತ್ತದೆ.

‘ಬಿಸ್ಲು ಅಳಿಯೂಕೆ ಬಂದ್ರಾ?’ ಅಂದಳು ಬುದವಂತಿ ಆಗೇರ,
ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಉಪ್ಪೆಳೆಯುವ ಹಲಗೆ.
‘ನಮ್ದೂ ಅದೇ ಕೆಲ್ಸ. ಬುಟ್ಟಿ ಲೆಕ್ಕ.’

ದತ್ತಾರಾಮ ಮಹಾಲೆ ತಗಡಿನ ಕಪಾಟು ತೆರೆದರು.
ಐವತ್ತೆಂಟರಿಂದ ಈಚಿನ ವಹಿಗಳು,
ತೇವಕ್ಕೆ ಉಬ್ಬಿ ಹಪ್ಪಳದಂತೆ ಬಾಗಿದ ಹಾಳೆ.
ತಾರೀಕು, ಬುಟ್ಟಿ, ಷರಾ.
ಷರಾದಲ್ಲಿ ಮೂರೇ ಬಗೆಯ ಮಾತು:
ಮೋಡ. ಗಾಳಿ. ಉಪ್ಪು ಕರಗಿತು.
ನಾಲ್ಕು ದಿನ ಅವರ ಜಗುಲಿಯಲ್ಲಿ ಕೂತು
ಅರವತ್ತು ವರ್ಷದ ಬುಟ್ಟಿಗಳನ್ನು ಬಿಸಿಲಾಗಿ ಕೂಡಿದೆ.
ಉಪಗ್ರಹ ಹೇಳಿದ್ದಕ್ಕಿಂತ ನೂರಕ್ಕೆ ನಾಲ್ಕು ಕಡಿಮೆ.
ಈಚಿನ ಹತ್ತು ವಹಿಗಳಲ್ಲಿ
ಮಾರ್ಚ್ ತಿಂಗಳಲ್ಲೂ ‘ಉಪ್ಪು ಕರಗಿತು’.
ಮಹಾಲೆಯವರ ಅಕ್ಷರ ಅಲ್ಲೆಲ್ಲ ತುಸು ದೊಡ್ಡದು.

ಹತ್ತರಲ್ಲಿ ಒಂಬತ್ತು ವರ್ಷ
ಕನಿಷ್ಠ ಇಷ್ಟು ಬಿಸಿಲು ಬಿದ್ದೇ ಬೀಳುತ್ತದೆ,
ಆ ಅಂಕೆಯ ಮೇಲೆ ಸಾಲ ನಿಲ್ಲುತ್ತದೆ, ಎಂದು ವಿವರಿಸಿದೆ.
ಆಕೆ ಹಲಗೆಯನ್ನು ಬದುವಿಗೆ ಆನಿಸಿ
‘ಹತ್ತನೇ ವರ್ಷ?’ ಅಂದಳು.
ಅದಕ್ಕೊಂದು ಮೀಸಲು ಖಾತೆ,
ಆರು ತಿಂಗಳ ಕಂತು, ಯಾರೂ ಮುಟ್ಟುವ ಹಾಗಿಲ್ಲ.
‘ನಮ್ಗೂ ಅದೆ’ ಎಂದು ಹೊಳೆಯತ್ತ ಗದ್ದ ಎತ್ತಿದಳು.
ಇಳಿತಕ್ಕೆ ಬಯಲಾದ ಕೆಸರಿನಲ್ಲಿ
ಹೆಂಗಸರು ಬಗ್ಗಿ ಬಳಚು ತಡಕುತ್ತಿದ್ದರು.
ಉಪ್ಪು ಕರಗಿದ ವರ್ಷಗಳಲ್ಲೆಲ್ಲ
ಮನೆ ನಡೆಸಿದ ಖಾತೆ ಅದು.
ನಕ್ಷೆಯ ಪ್ರಕಾರ ಆ ಕೋಡಿಗೆ
ಬರುವ ನವೆಂಬರಿನಲ್ಲಿ ಕಲ್ಲಿನ ಒಡ್ಡು.

ನನ್ನ ಹಾಳೆಯಲ್ಲಿ ಇನ್ನೂರ ಹದಿಮೂರು ಸಾಲು.
ವಿಮೆ, ಬಡ್ಡಿ, ಗ್ರಿಡ್ಡಿನ ತಂತಿ, ಗಾಜಿನ ಮೇಲಣ ಧೂಳು,
ಇಪ್ಪತ್ತೆಂಟು ವರ್ಷದ ಗೇಣಿ.
ರಾತ್ರಿ ಲಾಡ್ಜಿನಲ್ಲಿ, ಗೋಡೆಯ ಹಲ್ಲಿಯೊಂದೇ ಸಾಕ್ಷಿ,
ಇನ್ನೂರ ಹದಿನಾಲ್ಕನೆಯದನ್ನು ಸೇರಿಸಿದೆ: ಬಳಚು.
ಘಟಕ: ಬುಟ್ಟಿ.
ಹದಿನೈದನೆಯ ವರ್ಷದ ಖಾನೆ ಕೂಡಲೇ ಕೆಂಪಾಯಿತು.
ಒಡ್ಡನ್ನು ಹಿಂದೆ ಸರಿಸಿ ನೋಡಿದೆ:
ಎಪ್ಪತ್ತು ಎಕರೆ ಹೋಗುತ್ತದೆ, ಪೈಸೆ ಏರುತ್ತದೆ,
ಎರಡು ಎಂಬತ್ತೊಂಬತ್ತಕ್ಕೆ ಕರೆಂಟು ಕೊಳ್ಳುವವರಿಲ್ಲ.
ಎರಡೂ ಹಾಳೆ ಕಳಿಸಿದೆ. ಆಯ್ಕೆ ನನ್ನದಲ್ಲ ಎಂದು ಬರೆದು
ಕಳಿಸುವ ಮುನ್ನ ಆ ವಾಕ್ಯ ಅಳಿಸಿದೆ.

ಉತ್ತರ ಬಂದದ್ದು ಬೇರೆಯದಕ್ಕೆ.
ನಿತ್ಯ ಬೆಳಿಗ್ಗೆ ಏಳೂ ಹತ್ತರ ಸುಮಾರಿಗೆ
ನಿಮ್ಮ ಬಿಸಿಲು ಒಮ್ಮೆ ಸತ್ತಂತೆ ಬಿದ್ದು
ಮೊದಲಿಗಿಂತ ಎತ್ತರಕ್ಕೆ ಏಳುತ್ತದೆ.
ಮೋಡವೇ? ಹಕ್ಕಿಯೇ? ಯಂತ್ರದ ದೋಷವೇ?
ವಿವರಣೆ ಇಲ್ಲದೆ ಕಡತ ಮುಂದೆ ಹೋಗದು.

ಇರುಳೆಲ್ಲ ಉಪ್ಪುಗಾಳಿ ಗಾಜಿನ ಮೇಲೆ ಕೂರುತ್ತದೆ.
ಹಲಗೆ ಹೆಗಲಿಗಿಟ್ಟು ಆಗರಕ್ಕೆ ಬರುವ ಬುದವಂತಿ
ಕಂಬದ ಬಳಿ ನಿಂತು, ಹಿಮ್ಮಡಿ ಎತ್ತಿ,
ಯಾರೂ ಹೇಳದ, ಯಾರೂ ಕೂಲಿ ಕೊಡದ
ಆ ಕೆಲಸ ಮುಗಿಸಿಯೇ ಮುಂದೆ ಹೋಗುತ್ತಾಳೆ.
ಕೇಳಿದರೆ, ‘ಪೊರೆ ಕಟ್ಟಿದ್ರೆ ಅದ್ಕೆ ಕಾಣೂದು ಹ್ಯಾಂಗೆ?’

ಕಾರಣ ಎಂಬ ಖಾನೆಯಲ್ಲಿ
ಬರೆದೆ: ಸೆರಗು.
ಅದರ ಘಟಕ ಯಾವುದೆಂದು
ಈಗ ಕೇಳಿದ್ದಾರೆ.