ಅಲುಗಿಸಬಾರದು

ಹಾಲಿಗೆ ಬೆರಳದ್ದಿದರೆ ನನಗೆ ಗೊತ್ತಾಗುತ್ತದೆ
ಹಸು ಯಾವ ಇಳಿಜಾರಲ್ಲಿ ಮೇಯ್ದಿತ್ತು, ಇನ್ನೆಷ್ಟು ಹೊತ್ತು ಬೇಕು.
ಕರುವಿನ ಜಠರ ಒಣಗಿಸಿ ನೆನೆಹಾಕಿದ ನೀರು,
ಸ್ವಾನೇತಿಯ ನಾವು ಅದನ್ನು ಕ್ವೆತಿ ಅನ್ನುತ್ತೇವೆ,
ಒಂದು ಸೌಟು ಸಾಕು. ತಿರುವಿ, ಮುಚ್ಚಿ, ದೂರ ನಿಲ್ಲಬೇಕು.
ಅಲುಗಿಸಬಾರದು.
ಮುಕ್ಕಾಲು ಗಂಟೆಗೆ ಬಿಳಿಯ ನೀರು ಬಿಳಿಯ ನೆಲ.
ಬೆರಳು ತೂರಿಸಿ ಎತ್ತಿದರೆ ಚೊಕ್ಕ ಸೀಳು.

ಇಷ್ಟು ಬಲ್ಲವಳ ಹೊಟ್ಟೆಯಲ್ಲಿ ಹುಟ್ಟಿದ
ಇವ್ಲಿಯಾನೆಯ ರಕ್ತಕ್ಕೆ ಹೆಪ್ಪಿಲ್ಲ.

ತೆವಳುವಾಗಲೇ ಮೊಣಕಾಲಲ್ಲಿ ನೇರಳೆ ಬಾವು.
ಕುತಾಯಿಸಿಯಲ್ಲಿ ಡಾಕ್ಟರ್ ಪಿಕ್ರಿಯಾ
ಚೀಟಿಯ ಹಿಂಬದಿಗೆ ಬರೆದಳು, ಒಂದರಿಂದ ಹದಿಮೂರು.
ಗಾಯವಾದೊಡನೆ ಮೊದಲು ಕಿರುತಟ್ಟೆಗಳು ಓಡಿ ಬರುತ್ತವೆ,
ಬಿರುಕಿಗೆ ಹಸಿಮಣ್ಣು ಮೆತ್ತಿದ ಹಾಗೆ ಅಂಟುತ್ತವೆ.
ಅದು ನಿನ್ನ ಮಗನಿಗೂ ಇದೆ ಅಂದಳು.
ಆದರೆ ಹಸಿಮಣ್ಣು ಎಷ್ಟು ಹೊತ್ತು ನಿಂತೀತು?
ಆಮೇಲೆ ಇವರು, ರಕ್ತದೊಳಗೇ ನಿದ್ದೆ ಹೊಡೆಯುವವರು.
ಒಬ್ಬನೆದ್ದು ಇನ್ನೊಬ್ಬನನ್ನು ಎಬ್ಬಿಸಬೇಕು:
ಏಳನೆಯವ ಹತ್ತನೆಯವನನ್ನು, ಹತ್ತನೆಯವ ಎರಡನೆಯವನನ್ನು,
ಎರಡನೆಯವನೋ, ತಾನೆದ್ದ ಮೇಲೆ ಹಿಂದಿರುಗಿ
ಇನ್ನೂ ತೂಕಡಿಸುವವರ ಬಾಗಿಲು ಬಡಿಯುತ್ತಾನೆ.
ಇದೆಂಥ ಎಣಿಕೆ ಅಂದೆ.
ಕಂಡುಹಿಡಿದವರ ಎಣಿಕೆ, ರಕ್ತಕ್ಕೆ ಲೆಕ್ಕ ಬರುವುದಿಲ್ಲ ಅಂದಳು.

ಆರು ಎಲ್ಲಿ?
ಆರು ಇಲ್ಲ. ಇದ್ದಾನೆ ಅಂದುಕೊಂಡಿದ್ದರು.
ನೋಡಿದರೆ ಅದು ನಿದ್ದೆ ತಿಳಿದೆದ್ದ ಐದನೆಯವನೇ.

ನಗು ಬಂತು. ಇಲ್ಲದವನಿಗೂ ಜಾಗ ಬಿಟ್ಟಿದ್ದಾರೆ,
ಲಿಪಾನಾಲಿಯ ರಾತ್ರಿ ಸತ್ತವರ ಮುಂದೆ ನಾವು ಬಟ್ಟಲಿಡುವಂತೆ.

ನಾಲ್ಕು?
ಸುಣ್ಣ. ನಿನ್ನ ಹಾಲಲ್ಲಿ ಇರುವುದೇ.
ಅದಿಲ್ಲದೆ ಇವರು ಯಾರೂ ಗಾಯದ ಬಳಿ ಕೂರುವುದಿಲ್ಲ.
ಅಷ್ಟು ಹೊತ್ತೂ ಪರಭಾಷೆ ಆಡುತ್ತಿದ್ದವಳು
ಆಗ ನನ್ನ ಅಡುಗೆಮನೆಗೆ ಕಾಲಿಟ್ಟಳು.

ಎಂಟರ ಸುತ್ತ ಒಂದು ಸೊನ್ನೆ ಎಳೆದಳು.
ಇವನಲ್ಲಿ ಇಲ್ಲದವನು ಅವನು.
ಒಂಬತ್ತನೆಯವ ಬಂದು ಜೊತೆಗಾರನಿಗಾಗಿ ಕಾಯುತ್ತಾನೆ.
ಎಳೆಯಾಗಿ ಬಲೆಯಾಗಬೇಕಾದ ಒಂದನೆಯವ ಕಾಯುತ್ತಾನೆ.
ಗಂಟು ಬಿಗಿಯುವ ಹದಿಮೂರನೆಯವನೂ.
ಇಷ್ಟು ಜನ ಕೈಕಟ್ಟಿ ನಿಂತಿರುವಾಗ
ಮೊಣಕಾಲೊಳಗೆ ತೊಟ್ಟು, ತೊಟ್ಟು.

ಕೊಟ್ಟವಳು ನಾನೇ.
ನನ್ನಲ್ಲಿ ಎರಡು ದಾರ, ಒಂದು ಜೊಳ್ಳು,
ಯಾವುದು ಹೋಯಿತೆಂದು ಯಾವ ತಾಯಿ ನೋಡಿದ್ದಾಳೆ?
ನನ್ನಣ್ಣ ಗೆಗಿ ಹನ್ನೊಂದರಲ್ಲಿ ಹಲ್ಲು ಕೀಳಿಸಿಕೊಂಡು ಸತ್ತ.
ಅಮ್ಮ ಹೋರಿ ಹರಕೆ ಹೊತ್ತಳು, ನೆರೆಯವಳ ಕಣ್ಣನ್ನು ಶಪಿಸಿದಳು.
ಆ ನೆರೆಯವಳು ಸಾಯುವವರೆಗೂ ನಮ್ಮ ಅಂಗಳ ತುಳಿಯಲಿಲ್ಲ.
ಈಗ ಯಾರ ಬಳಿ ಹೋಗಿ ತಪ್ಪಾಯಿತು ಅನ್ನಲಿ.

ಇವತ್ತು ಹುಲ್ಲಟ್ಟದಿಂದ ಜಾರಿದ.
ಮೆಸ್ತಿಯಾದ ದಾರಿಗೆ ಹಿಮ ಕುಸಿದು ಮೂರು ದಿನ.
ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಕೊನೆಯ ಸೀಸೆ,
ತಳದಲ್ಲಿ ಚಿಟಿಕೆ ಬಿಳಿ ಪುಡಿ.
ಎಂಟನೆಯವ. ಕೂಲಿಗೆ ಬಂದವನು,
ಅರ್ಧ ದಿನಕ್ಕೆ ಅರ್ಧ ಆಗುತ್ತಾನೆ.
ನೀರು ಬೆರೆಸಿ ಅಂಗೈಯಲ್ಲಿ ಮೆಲ್ಲಗೆ ಸುತ್ತಿಸುತ್ತೇನೆ.
ಕುಲುಕಬಾರದು, ನೊರೆ ಬಂದರೆ ಕೆಡುತ್ತದೆ ಎಂದಿದ್ದಳು ಪಿಕ್ರಿಯಾ,
ಹಾಲು ಬಲ್ಲವಳಿಗೆ!
ದಾರದಷ್ಟು ಸಣ್ಣ ನರ. ಹಾಲು ಮುಟ್ಟಿ ಹದ ನೋಡುವ
ಅದೇ ಬೆರಳಿಂದ ಹುಡುಕಿದೆ. ಎರಡನೆಯ ಸಲಕ್ಕೆ ಸಿಕ್ಕಿತು.

ಒಲೆಯ ಬಳಿ ಪಾತ್ರೆಗೆ ಮುಚ್ಚಳ, ಇವನಿಗೆ ಕಂಬಳಿ.
ನಡುವೆ ನಾನು.
ಮೊಣಕಾಲು ಮುಟ್ಟಿದರೆ ಇನ್ನೂ ಬಿಸಿ.
ದೇದಾ, ಆಯ್ತಾ? ಅನ್ನುತ್ತಾನೆ.
ಅಲುಗಬೇಡ ಅನ್ನುತ್ತೇನೆ.
ಆರನೆಯವನು ಬಂದನಾ?
ಹಿಂದೊಮ್ಮೆ ಹೇಳಿದ್ದೆ, ಅದನ್ನೇ ಹಿಡಿದುಕೊಂಡಿದ್ದಾನೆ.
ಬರುತ್ತಿದ್ದಾನೆ, ದಾರಿಯಲ್ಲಿ ಹಿಮ ಅಂದೆ.