ಹೋಲಿಕೆಗೆ ಬಂದವಳು

ಇಲ್ಪೊ ಮರದ ಲಾರಿಯಿಂದ ಜಾರಿ ಬಿದ್ದು ಮೂರು ಚಳಿಗಾಲ.
ಅಂದಿನ ಸ್ಕ್ಯಾನು ಹೇಳಿದ್ದು: ಏನೂ ಆಗಿಲ್ಲ.
ಆ 'ಏನೂ ಆಗಿಲ್ಲ'ದ ಜೊತೆ
ರೈಯಾ ಮೂರು ವರ್ಷ ಸಂಸಾರ ಮಾಡಿದಳು.

ಔಲು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಹೊಸ ಯಂತ್ರ
ನೀರಿನ ಜಾಡು ಹಿಡಿಯುತ್ತದೆ.
ನರದ ಎಳೆ ನೆಟ್ಟಗಿದ್ದರೆ ನೀರು ಅದರ ಗುಂಟ ನಡೆಯುತ್ತದೆ,
ಪಿಸಿದಲ್ಲಿ ದಿಕ್ಕಾಪಾಲು.
ಎಡಬಲಕ್ಕೆ ಹಾಯುವವು ಕೆಂಪು, ಹಿಂದುಮುಂದಿನವು ಹಸಿರು,
ಮೇಲೇರುವವು ನೀಲಿ.
ಇಲ್ಪೊನ ಕೆಂಪು ಸೇತುವೆ
ಇಲಿ ಕಡಿದ ಸೆರಗು.

ನೋಡಿದ. "ಚೆಂದ ಇದೆ" ಎಂದ.
ಪಕ್ಕದ ಪರದೆಯ ಇಡಿಯ ಮಿದುಳಿಗೆ ಬೆರಳಿಟ್ಟು
"ಇದು ನಂದು ತಾನೆ?"
ಅದು ರೈಯಾಳದು.
ಹೋಲಿಸಲು ಆರೋಗ್ಯವಂತರು ಬೇಕಿತ್ತು, ತಾನೇ ಒಪ್ಪಿ
ಉಂಗುರ ಕಳಚಿ ನನ್ನ ಕೈಗಿಟ್ಟು ಮಲಗಿದ್ದಳು.

ಅವರು ಹೋದ ಮೇಲೆ ಅವಳ ಪದರ ಪದರ ತಿರುವಿದೆ,
ಹಳೆಯ ರಕ್ತದ ಕಲೆ ಹುಡುಕುವ ಚಿತ್ರ.
ಹಣೆಯ ಹಿಂದೆ ಎಳ್ಳುಕಾಳಿನಷ್ಟು ಕಪ್ಪು.
ಇನ್ನೊಂದು.
ಪರದೆ ಒರೆಸಿದೆ. ಹೋಗಲಿಲ್ಲ.

ಮರುವಾರ ಕರೆಸಿ ಕೇಳಿದೆ: ತಲೆಗೆ ಎಂದಾದರೂ ಪೆಟ್ಟು?
ಕೈಗವಸಿನ ದಾರ ಎಳೆಯುತ್ತ ಕೂತಳು.
"ಸೌನಾದ ಬಾಗಿಲು," ಎಂದಳು,
"ಕಳೆದ ಮಾರ್ಚಿನಲ್ಲಿ. ಗಾಳಿಗೆ ಬಡಿಯಿತು."
ಆಮೇಲೆ,
"ಅವನಿಗೆ ನೆನಪಿಲ್ಲ. ನೀವೂ ನೆನಪಿಸಬೇಡಿ."

ಗಾಜಿನಾಚೆ ಬೆಂಚಿನ ಮೇಲೆ ಇಲ್ಪೊ
ಅವಳ ಕೋಟನ್ನು ಮಡಿಲಲ್ಲಿಟ್ಟುಕೊಂಡು
ಗುಂಡಿ ಎಣಿಸುತ್ತಿದ್ದ: ಐದು. ಮತ್ತೆ ಒಂದರಿಂದ.

ಆರೋಗ್ಯವಂತರ ಪಟ್ಟಿಯಿಂದ
ಹದಿನೇಳನೆಯ ಸಂಖ್ಯೆ ಅಳಿಸಬೇಕು.
ಅಳಿಸಿ ಎಲ್ಲಿ ಬರೆಯಲಿ?
ಮಧ್ಯಾಹ್ನ ಮೂರಕ್ಕೇ ಕತ್ತಲು.
ಕರ್ಸರು ಮಿಟುಕುತ್ತಲೇ ಇದೆ.