ಮಂಡಕ್ಕಿ ಗುರುತು

ಮಂಡಕ್ಕಿ ಭಟ್ಟಿಯ ಹಾಲಮ್ಮ
ನನ್ನಂಗಡಿಯಿಂದ ಬಾಡಿಗೆಗೆ ಒಯ್ಯುವುದು ಒಂದೇ ಸರಣಿ:
ಎಲುಬು ಓದುವ ಶಶಿರೇಖಾ ಮೇಡಂ,
ಅವಳ ಕುಂಚ, ಜರಡಿ, ಮೊಣಕಾಲಿನ ಮಣ್ಣು.

"ಜರಡಿ ಹಿಡಿಯೋದು ಮಾತ್ರ ಸರಿಯಾಗಿ ಬರದಾರ"
ಅಂತಾಳೆ. ಕಾದ ಮರಳಿಂದ
ಮಂಡಕ್ಕಿ ಬಿಡಿಸುವವಳು, ಗೊತ್ತಿರುತ್ತೆ.

ಐದನೆಯದರಲ್ಲಿ ಚಂದ್ರವಳ್ಳಿಯ ಕೆರೆಯಂಚು.
ಶಾತವಾಹನರ ಮಡಕೆಚೂರಿನ ನಡುವೆ
ಮೊನ್ನೆಮೊನ್ನೆಯದೊಂದು ಅಂಗಿ ಗುಂಡಿ,
ಎಡಗೈಯಲ್ಲಿ ಮುರಿದು ಕೂಡಿದ ಮೂಳೆಯ ಗಂಟು.
ಅದನ್ನು ನಾಲ್ಕು ಸಲ ಒಯ್ದಳು.

ವಾಪಸು ಬಂದಾಗಲೆಲ್ಲ
ನೂರಾ ಹನ್ನೆರಡನೇ ಪುಟದಲ್ಲಿ
ಚಪ್ಪಟೆಯಾದ ಒಂದೇ ಒಂದು ಮಂಡಕ್ಕಿ.
ಮುಂದಿನ ಹಾಳೆಗಳಿಗೆ ಭಟ್ಟಿಯ ಮಸಿ ತಾಕಿಲ್ಲ.

"ಕೊಂದವ ಯಾರಂತ ಬ್ಯಾಡೇನು, ಹಾಲಮ್ಮಾ?"
"ಇದು ಇಂಥವನ ಎಲುಬು ಅಂತ
ಹೆಸರಿಟ್ಟು ಹೇಳ್ತಾಳಲ್ಲ,
ಅಲ್ಲಿಗೆ ನನ್ನ ಕಥಿ ಮುಗೀತು."

ತಮ್ಮ ಕೊಟ್ರ ದುರ್ಗದ ಲಾರಿ ಹತ್ತಿದ್ದು
ಹತ್ತಿ ಗಿರಣಿ ಮುಚ್ಚಿದ ವರ್ಷವಂತೆ.
ಇದನ್ನು ಹೇಳಿದವಳು ಅವಳಲ್ಲ,
ಪಕ್ಕದ ಮಿರ್ಚಿ ಅಂಗಡಿಯವ.
ಹುಡುಗನಿದ್ದಾಗ ಕೈ ಮುರಿದಿತ್ತೋ ಇಲ್ಲವೋ
ಅವನಿಗೆ ತಿಳಿಯದು. ನಾನು ಕೇಳಲೂ ಇಲ್ಲ.

ಆರನೆಯದು ನಿನ್ನೆ ಬಂತು.
ಅವಳಿಗೆ ಕೊಡುವ ಮುಂಚೆ
ಹೆಸರು ಎಲ್ಲಿ ಬರುತ್ತದೆಂದು ಹುಡುಕುತ್ತಿದ್ದೇನೆ.
ಇನ್ನೂರು ಪುಟ ದಾಟಿದೆ.
ಮೇಡಂ ಇನ್ನೂ ಕುಂಚ ಆಡಿಸುತ್ತಲೇ ಇದ್ದಾಳೆ.